ಕೊಪ್ಪೆ ತೆಗೆದ ಮೇಲಿನ ಹೊತ್ತು

"ಕೊಪ್ಪೆ ತೆಗೆದ ಮೇಲೆ ಹಾರಿದ್ದನ್ನೂ ಯಾಕವ್ವ ಬರ್ದೆ?" ಎಂದು ಅಜ್ಜ ಕೇಳಿದಾಗ ನನ್ನ ಪೆನ್ನು ಅಲ್ಲೇ ನಿಂತಿತು.

ಖಾಸಗಿ ಪೈಲಟ್ ಲೈಸೆನ್ಸಿಗಾಗಿ ತರಬೇತಿ ಪಡೆಯುತ್ತಿರುವ ನಾನು ರಜೆಗೆ ಪರಶುರಾಂಪುರದ ಮನೆಗೆ ಬಂದಿದ್ದೆ. ಜಗಲಿಯಲ್ಲಿ ಕುಳಿತು ಲಾಗ್‌ಬುಕ್ ತುಂಬುತ್ತಿದ್ದರೆ, ಜೀವನವಿಡೀ ಕುರಿ ಕಾಯ್ದ ಅಜ್ಜನಿಗೆ ಒಂದೊಂದು ಕಾಲಂ ಏನೆಂದು ತಿಳಿಯಬೇಕು. ಹೊರಗಿನದೇನೂ ಕಾಣದಂತೆ ತಲೆಗೆ ಹುಡ್ ಹಾಕಿ, ಎದುರಿನ ಮೀಟರುಗಳನ್ನಷ್ಟೇ ನೋಡಿಕೊಂಡು ವಿಮಾನ ನಡೆಸಿದ ಹೊತ್ತನ್ನು ಇಲ್ಲಿ ಬರೆಯಬೇಕು ಎಂದೆ. ಹುಡ್ ಎಂದರೆ ಮಳೆಯಲ್ಲಿ ಅವನು ಹಾಕಿಕೊಳ್ಳುವ ಕಂಬಳಿ ಕೊಪ್ಪೆಯಂತೆ ಎಂದೂ ಹೇಳಿದೆ. ನಾನು ಹುಡ್ ಹಾಕಿದ್ದು ನಲವತ್ತು ನಿಮಿಷ. ಲೈಸೆನ್ಸಿಗೆ ಬೇಕಾದ ಗಂಟೆಗಳು ಬೇಗ ಕೂಡಲಿ ಎಂಬ ಆತುರಕ್ಕೆ ಇಡೀ ಹಾರಾಟದ ಒಂದು ಗಂಟೆಯನ್ನೇ ಆ ಕಾಲಮ್ಮಿನಲ್ಲಿ ಬರೆದಿದ್ದೆ; ಅದನ್ನೂ ಅವನಿಗೆ ಹೇಳಿಬಿಟ್ಟಿದ್ದೆ.

"ಇಪ್ಪತ್ತು ನಿಮಿಷ ತಾನೇ, ಬಿಡಜ್ಜ."

"ಮಂಜಿನಾಗೆ ಕುರಿ ಕೊರಳ ಗಂಟೆ ಸದ್ದು ಹಿಡ್ಕಂಡು ನಾನೂ ನಡ್ದೀನಿ. ಮಂಜು ಸರಿದ ಮೇಲೆ ಯಾರಾದ್ರೂ ನಡೀತಾರೆ. ನಾಳೆ ಮೋಡದಾಗೆ ಸಿಕ್ಕಂಡ್ರೆ ಆ ಇಪ್ಪತ್ತು ನಿಮಿಷ ನಿನ್ನ ಕೈ ಹಿಡೀತೈತಾ, ತಾಯಿ?"

ಬರೆದದ್ದರ ಮೇಲೆ ಒಂದು ಗೆರೆ ಎಳೆದು, ನಲವತ್ತು ನಿಮಿಷ ಎಂದು ತಿದ್ದಿ, ಪಕ್ಕದಲ್ಲಿ ಸಹಿ ಹಾಕಿದೆ.

ಆ ಕಾಲಂ ತುಂಬಲು ಇನ್ನೂ ದಿನಗಳು ಬೇಕು, ಚಿಂತೆಯಿಲ್ಲ. ಈಗ ಹುಡ್ ತೆಗೆದ ಕೂಡಲೇ, ಆಕಾಶ ನೋಡುವ ಆಸೆ ಎಷ್ಟೇ ಇದ್ದರೂ, ಮೊದಲು ಗಡಿಯಾರ ನೋಡುತ್ತೇನೆ.