ಡ್ರೈವರ್ ಸೀಟಿನ ಬಿ.ಪಿ.

೨೦೦೬ರ ಜೂನ್ ತಿಂಗಳಲ್ಲಿ, ನನ್ನ ಐವತ್ತೆಂಟನೆಯ ವಯಸ್ಸಿನಲ್ಲಿ, ನಾನು ಎರಡನೆಯ ಸಲ ಕೆಲಸಕ್ಕೆ ಸೇರಿದೆ. ಮಿಲಿಟರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ಸೇವೆ ಮುಗಿಸಿ ಕಾಪುವಿನ ಮನೆಗೆ ಬಂದು ಕೆಲವು ವರ್ಷ ಆಗಿತ್ತು. ಬೆಳಿಗ್ಗೆ ಐದಕ್ಕೆ ಎದ್ದು, ಹಾಸಿಗೆಯ ಮೂಲೆಗಳನ್ನು ಬಿಗಿಯಾಗಿ ಮಡಚಿ, ಇಗರ್ಜಿಯ ಪೂಜೆ ಮುಗಿಸಿ, ತಿಂಡಿಯ ಪಾತ್ರೆ ತೊಳೆದಿಟ್ಟರೆ ಮತ್ತೆ ರಾತ್ರಿಯವರೆಗೆ ನನಗೆ ಡ್ಯೂಟಿ ಇರಲಿಲ್ಲ. ಡ್ಯೂಟಿ ಇಲ್ಲದ ದಿನ ನನಗೆ ಹಿಡಿಸುವುದಿಲ್ಲ. ಪರ್ಕಳದಲ್ಲಿ ಹೊಸದಾಗಿ ತೆರೆದಿದ್ದ ಒಂದು ಸಣ್ಣ ಹೃದಯ ಚಿಕಿತ್ಸೆಯ ಕ್ಲಿನಿಕ್ಕಿಗೆ ಫೀಲ್ಡ್ ನರ್ಸ್ ಬೇಕೆಂದು ತಿಳಿದಾಗ ಅದೇ ದಿನ ಹೋಗಿ ಅರ್ಜಿ ಕೊಟ್ಟೆ. ಅಲ್ಲಿಯ ಡಾಕ್ಟರು ನನ್ನ ವಯಸ್ಸು ಕೇಳಿ ಸ್ವಲ್ಪ ಹಿಂಜರಿದು, ಸ್ಕೂಟರ್ ಬಿಡಲು ಬರುತ್ತದೆಯೇ ಎಂದರು. ಕಿಟಕಿಯಿಂದ ಕೆಳಗೆ ನಿಲ್ಲಿಸಿದ್ದ ನನ್ನ ಸ್ಕೂಟರನ್ನು ತೋರಿಸಿದೆ. ಮರುದಿನದಿಂದ ಕೆಲಸ.

ಬೆಂಗಳೂರಿನ ಒಂದು ಕಂಪನಿ ಕ್ಲಿನಿಕ್ಕಿಗೆ ಹೊಸ ಯಂತ್ರಗಳನ್ನು ಪರೀಕ್ಷೆಗೆಂದು ಕೊಟ್ಟಿತ್ತು. ತೋಳಿಗೆ ಸುತ್ತುವ ಒಂದು ಪಟ್ಟಿ, ಅದಕ್ಕೆ ಅಂಗೈಯಗಲದ ಮೀಟರ್. ಗುಂಡಿ ಒತ್ತಿದರೆ ಪಟ್ಟಿ ತಾನೇ ಗಾಳಿ ತುಂಬಿಕೊಂಡು ರಕ್ತದೊತ್ತಡ ಅಳೆಯುತ್ತದೆ. ಅಷ್ಟು ಮಾಡುವ ಯಂತ್ರ ಆಗಲೇ ಔಷಧಿ ಅಂಗಡಿಗಳಲ್ಲಿ ಸಿಗುತ್ತಿತ್ತು. ಇದರ ಹೊಸತನ ವಯರ್‌ಲೆಸ್. ಮೀಟರ್ ತನ್ನ ಅಂಕೆಯನ್ನು ತಂತಿಯಿಲ್ಲದೆ, ಮನೆಯ ಲ್ಯಾಂಡ್‌ಲೈನ್ ಫೋನಿಗೆ ಜೋಡಿಸಿದ ಬಿಳಿ ಪೆಟ್ಟಿಗೆಯೊಂದಕ್ಕೆ ಕಳಿಸುತ್ತಿತ್ತು. ಪೆಟ್ಟಿಗೆ ಅದನ್ನು ಫೋನ್ ಲೈನಿನ ಮೂಲಕ ಕ್ಲಿನಿಕ್ಕಿನ ಕಂಪ್ಯೂಟರಿಗೆ ದಾಟಿಸುತ್ತಿತ್ತು. ರೋಗಿ ಕಾರ್ಕಳದಲ್ಲಿ ಗುಂಡಿ ಒತ್ತಿದರೆ ಪರ್ಕಳದಲ್ಲಿ ಅಂಕೆ ಮೂಡುತ್ತಿತ್ತು. ಯಂತ್ರವನ್ನು ಮನೆಗಳಲ್ಲಿ ಕೂರಿಸಿ, ಬಳಸುವ ಕ್ರಮ ಕಲಿಸಿ, ವಾರಕ್ಕೊಮ್ಮೆ ಹೋಗಿ ನೋಡಿಬರುವುದು ನನ್ನ ಕೆಲಸ. ಕ್ರಮ ಕಟ್ಟುನಿಟ್ಟಿನದು: ಬೆಳಿಗ್ಗೆ ತಿಂಡಿಗೆ ಮೊದಲು, ಬೆನ್ನಿಗೆ ಆಧಾರವಿಟ್ಟು ಐದು ನಿಮಿಷ ಸುಮ್ಮನೆ ಕುಳಿತು, ಮಾತಾಡದೆ ಅಳೆಯಬೇಕು. ಈ ಕ್ರಮವನ್ನು ನನ್ನಷ್ಟು ಸಂತೋಷದಿಂದ ಕಲಿಸಿದವರು ಬೇರೆ ಯಾರೂ ಇರಲಾರರು.

ಬೆಳ್ಮಣ್ಣಿನ ಸದಾನಂದ ಖಾಸಗಿ ಬಸ್ಸಿನ ಡ್ರೈವರ್. ಬೆಳ್ಮಣ್ಣಿನಿಂದ ಹೊರಟು ಪಡುಬಿದ್ರಿ, ಕಾಪು, ಉಡುಪಿ, ಮಣಿಪಾಲ ದಾಟಿ ಪರ್ಕಳದವರೆಗೆ ಅವನ ಬಸ್ಸು. ನಮ್ಮ ಕಡೆಯ ಖಾಸಗಿ ಬಸ್ಸುಗಳ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು: ಹಿಂದಿನ ಬಸ್ಸಿಗೂ ಮುಂದಿನ ಬಸ್ಸಿಗೂ ಕೆಲವೇ ನಿಮಿಷಗಳ ಅಂತರ. ತಡವಾದರೆ ಟೈಂಕೀಪರ್ ಬೈಯುತ್ತಾನೆ, ಬೇಗ ಬಂದರೆ ಮುಂದಿನ ಬಸ್ಸಿನವನು ಜಗಳಕ್ಕೆ ನಿಲ್ಲುತ್ತಾನೆ. ಈ ಕೆಲಸವನ್ನು ಇಪ್ಪತ್ತು ವರ್ಷ ಒಂದು ಅಪಘಾತವಿಲ್ಲದೆ ಮಾಡಿದವನು ಅವನು. ಆ ವರ್ಷ ಲೈಸನ್ಸ್ ನವೀಕರಣಕ್ಕೆ ಡಾಕ್ಟರ ಸರ್ಟಿಫಿಕೇಟ್ ಬೇಕಾಗಿ ನಮ್ಮ ಕ್ಲಿನಿಕ್ಕಿಗೆ ಬಂದ. ಬಿ.ಪಿ. ೧೭೮/೧೦೪. ಮೇಲಿನ ಅಂಕೆ ಹೃದಯ ರಕ್ತವನ್ನು ದೂಡುವಾಗಿನ ಒತ್ತಡ, ಕೆಳಗಿನದು ಸಡಿಲಿದಾಗಿನದು. ೧೪೦/೯೦ ದಾಟಿದರೆ ಹೆಚ್ಚು ಎಂದು ಲೆಕ್ಕ. ಮತ್ತೆ ಎರಡು ಸಲ ಬಂದ, ಎರಡು ಸಲವೂ ಅಷ್ಟೇ. ಡಾಕ್ಟರು ಸಹಿ ಹಾಕಲಿಲ್ಲ. ಬಸ್ಸಿನ ತುಂಬ ಜನರ ಜೀವ ಅವನ ಕೈಯಲ್ಲಿರುವಾಗ ಹಾಕಲೂಬಾರದು.

ಲೈಸನ್ಸಿನ ಅವಧಿ ಮುಗಿಯಿತು. ಬಸ್ಸಿನ ಮಾಲಿಕರು, ಅವನು ಧನಿ ಎಂದು ಕರೆಯುವ ಕಾರ್ಕಳದ ಯಜಮಾನರು, ಕೆಟ್ಟವರಲ್ಲ. ಅವನನ್ನು ಕಾರ್ಕಳದ ನಿಲ್ದಾಣದಲ್ಲಿ ಟೈಂಕೀಪರ್ ಮಾಡುತ್ತೇನೆಂದರು. ಅದಕ್ಕೆ ಸದಾನಂದ ಕೊಟ್ಟ ಉತ್ತರವನ್ನು ಅವನ ಹೆಂಡತಿ ವನಜ ನನಗೆ ತಲೆ ಚಚ್ಚಿಕೊಂಡು ಹೇಳಿದಳು: "ಬೇರೆಯವರು ಬಸ್ಸು ಬಿಡುದನ್ನು ನೋಡ್ಲಿಕ್ಕೆ ನನ್ನನ್ನು ಕೂರಿಸ್ತೀರಾ ಧನಿ? ನಾನು ಸ್ಟೇರಿಂಗ್ ಬಿಟ್ಟು ಬೇರೆ ಎಂತದನ್ನೂ ಹಿಡಿಯುದಿಲ್ಲ."

ಆಸ್ಪತ್ರೆಯೆಂದರೆ ಸಾಕು, ಬಿ.ಪಿ. ಏರುವ ಜನರಿದ್ದಾರೆ, ಬಿಳಿ ಕೋಟಿನ ಬಿ.ಪಿ. ಎಂದೇ ಅದಕ್ಕೆ ಹೆಸರು. ಡಾಕ್ಟರಿಗೂ ಆ ಸಂಶಯ ಬಂದಿತ್ತು. ಒಂದು ತಿಂಗಳು ಮನೆಯಲ್ಲಿ ಅಳೆಯಲಿ, ಸರಾಸರಿ ಸರಿಯಿದ್ದರೆ ಸಹಿ ಹಾಕುತ್ತೇನೆ ಎಂದು ಒಪ್ಪಿದರು. ಹಾಗೆ ಯಂತ್ರ ಹಿಡಿದುಕೊಂಡು ನಾನು ಬೆಳ್ಮಣ್ಣಿಗೆ ಹೋದದ್ದು.

ಮೊದಲ ದಿನ ಆ ಮನೆಯ ಜಗಲಿಯಲ್ಲಿ ಕ್ರಿಕೆಟ್ ನೋಡಲು ಸೇರಿದಷ್ಟು ಜನ. ಬೀಡಿ ಕಟ್ಟುತ್ತಿದ್ದ ಹೆಂಗಸರು ಬೀಡಿ ಎಲೆಯ ಮೊರವಾದ ಸೂಪನ್ನು ಮಡಿಲಿನಿಂದ ಇಳಿಸಿ ಬಂದರು. ವನಜಳ ತಾಯಿ, ಸದಾನಂದನ ಅತ್ತೆ, ಕಣ್ಣು ಮುಚ್ಚಿ ದೇವರ ಹೆಸರು ಹೇಳತೊಡಗಿದರು. ಮೀಟರಿನ ಅಂಕೆ ಏರುತ್ತಿದ್ದಂತೆ ಒಬ್ಬಾಕೆ ಅದನ್ನು ಗಟ್ಟಿಯಾಗಿ ಓದುತ್ತಿದ್ದಳು. ೧೬೬/೯೮. "ಹೋಯ್ತು, ಲೈಸನ್ಸ್ ಹೋಯ್ತು" ಎಂದು ಅತ್ತೆ ಅಲ್ಲೇ ಕುಳಿತರು. ನಾನು ಎಲ್ಲರನ್ನೂ ಗದರಿಸಿ, ನಾಳೆಯಿಂದ ಅಳೆಯುವಾಗ ಒಬ್ಬರೂ ಹತ್ತಿರ ಬರಬಾರದೆಂದು ಅಪ್ಪಣೆ ಮಾಡಿ ಬಂದೆ. ಅಪ್ಪಣೆಗೆ ಸಿಕ್ಕ ಗೌರವ ಮುಂದಿನ ಆರು ದಿನಗಳ ಅಂಕೆಗಳಲ್ಲೇ ಕಾಣುತ್ತಿತ್ತು.

ಎರಡನೆಯ ವಾರ ಅಂಕೆಗಳು ಇದ್ದಕ್ಕಿದ್ದಂತೆ ಇಳಿದವು. ೧೨೮/೮೨, ೧೨೬/೮೦, ಮತ್ತೆ ೧೩೦/೮೨. ಮೂರನೆಯ ವಾರವೂ ಹಾಗೆಯೇ. ನನ್ನ ವಾರದ ಭೇಟಿಯಲ್ಲಿ ಸದಾನಂದನನ್ನು ಕೇಳಿದರೆ, ಈಗ ಜಾಗ ಸರಿಯಾಗಿದೆ ಎಂದಷ್ಟೇ ಹೇಳಿ ಮಾತು ಬದಲಿಸಿದ. ಮನೆಯವರು ಕೊನೆಗೂ ದೂರ ನಿಂತರು ಎಂದುಕೊಂಡೆ.

ತಿಂಗಳು ಮುಗಿಯಲು ಕೆಲವು ದಿನ ಇರುವಾಗ ಕಂಪನಿಯ ಎಂಜಿನಿಯರ್ ಬಂದರು. ಯಾವ ಯಂತ್ರದ ಸಿಗ್ನಲ್ ಎಷ್ಟು ಬಲವಾಗಿ ಪೆಟ್ಟಿಗೆಗೆ ತಲುಪಿದೆ ಎಂಬುದೂ ಅವರ ಕಂಪ್ಯೂಟರಿನಲ್ಲಿ ದಾಖಲಾಗುತ್ತಿತ್ತು. ನಮಗೆ ಅದು ಗೊತ್ತಿರಲಿಲ್ಲ. ಸದಾನಂದನ ಮೊದಲ ವಾರದ ಸಿಗ್ನಲ್ ಬಲವಾಗಿತ್ತು, ಬಿ.ಪಿ. ಹೆಚ್ಚಿತ್ತು. ಎರಡನೆಯ ವಾರದಿಂದ ಸಿಗ್ನಲ್ ತೀರಾ ಕ್ಷೀಣ, ಬಿ.ಪಿ. ಸರಿ. ಎಂಜಿನಿಯರರ ತೀರ್ಮಾನ ಸರಳವಾಗಿತ್ತು. ಯಂತ್ರ ಆ ಮನೆಯೊಳಗೆ ಇಲ್ಲ. ಪಕ್ಕದ ಮನೆಯ ಯಾರೋ ಆರೋಗ್ಯವಂತನ ತೋಳಿಗೆ ಕಟ್ಟಿ ಅಂಕೆ ಕಳಿಸುತ್ತಿದ್ದಾರೆ.

ಡಾಕ್ಟರು ಕೆಂಡವಾದರು. ಕೂಡಲೇ ಒಂದು ಕಾಗದ ಟೈಪಾಯಿತು: ರೋಗಿ ಬೇರೆಯವರ ಅಳತೆ ಕಳಿಸಿ ಮೋಸ ಮಾಡಿರುವುದನ್ನು ಫೀಲ್ಡ್ ನರ್ಸ್ ಖಚಿತಪಡಿಸಿಕೊಂಡಿದ್ದಾರೆ, ಯಂತ್ರವನ್ನು ಹಿಂದಕ್ಕೆ ಪಡೆಯಲಾಗಿದೆ. ಕೆಳಗೆ ನನ್ನ ಸಹಿಗೆ ಜಾಗ. ಅದರ ಒಂದು ಪ್ರತಿ ಬಸ್ಸಿನ ಧನಿಗೂ ಹೋಗಬೇಕಿತ್ತು. ಆ ಕಾಗದ ಹೋದರೆ ಸದಾನಂದನಿಗೆ ಈ ಜಿಲ್ಲೆಯಲ್ಲಿ ಯಾವ ಬಸ್ಸಿನ ಬಾಗಿಲೂ ತೆರೆಯುತ್ತಿರಲಿಲ್ಲ.

ನಾನು ಯಾವುದನ್ನೂ ಖಚಿತಪಡಿಸಿಕೊಂಡಿಲ್ಲ ಎಂದೆ. ಅದೊಂದು ಫಾರ್ಮಾಲಿಟಿ ಮೇಡಂ ಎಂದು ಎಂಜಿನಿಯರ್ ಪೆನ್ನು ಚಾಚಿದರು.

"ನಾನು ಕಣ್ಣಿಂದ ಓದಿದ ಅಂಕೆಗೆ ಮಾತ್ರ ಸಹಿ ಹಾಕಿ ಅಭ್ಯಾಸ. ನಿಮ್ಮ ಕಣ್ಣಿಂದ ಓದಿದ್ದಕ್ಕೆ ನೀವೇ ಹಾಕಿ" ಎಂದೆ.

ಡಾಕ್ಟರಿಗೆ ಇದು ಹಿಡಿಸಲಿಲ್ಲ. ನಾಳೆ ಹತ್ತು ಗಂಟೆಯೊಳಗೆ ಯಂತ್ರ ಮತ್ತು ಸಹಿಯಾದ ಕಾಗದ ಎರಡೂ ಮೇಜಿನ ಮೇಲೆ ಇರಬೇಕು, ಇಲ್ಲವಾದರೆ ನಾನೂ ಬರಬೇಕಾಗಿಲ್ಲ ಎಂದರು. ಅಪ್ಪಣೆ ಪಾಲಿಸುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಸೈನ್ಯದ ವಾರ್ಡಿನಲ್ಲಿ ನಮಗೆ ಮೊದಲ ದಿನ ಕಲಿಸಿದ್ದೇ, ನೋಡದ್ದನ್ನು ನೋಡಿದೆ ಎಂದು ಬರೆಯಬಾರದು ಎಂಬುದು. ಅದನ್ನು ಮೀರಬಲ್ಲ ಅಪ್ಪಣೆಯನ್ನು ನಾನು ಇನ್ನೂ ಕಂಡಿಲ್ಲ.

ಮರುದಿನ ಮುಂಜಾನೆ, ಅಳೆಯುವ ಹೊತ್ತಿಗೆ ಸರಿಯಾಗಿ, ಮುನ್ಸೂಚನೆ ಕೊಡದೆ ಬೆಳ್ಮಣ್ಣಿಗೆ ಹೋದೆ. ಅಂಗಳದಲ್ಲಿ ವನಜ ನನ್ನನ್ನು ಕಂಡು ಗಾಬರಿಯಾದಳು. ಅವರು ಬಾವಿ ಕಡೆ ಹೋಗಿದ್ದಾರೆ ಬಾಯಮ್ಮ, ಒಳಗೆ ಬನ್ನಿ, ಚಾ ಕುಡಿಯಿರಿ ಎಂದಳು (ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಬಾಯಮ್ಮ ಎಂದೇ ಕರೆಯುವುದು). ಹೇಳುವಾಗ ಅವಳ ಕಣ್ಣು ಬಾವಿಯ ಕಡೆ ಹೋಗಲಿಲ್ಲ, ಅಂಗಳದಾಚೆಯ ಬಯಲಿಗೆ ಹೋಯಿತು. ಅಲ್ಲಿ, ಮನೆಯ ಗೋಡೆಯಿಂದ ಸ್ವಲ್ಪ ದೂರದಲ್ಲಿ, ಒಂದು ಬಸ್ಸು ನಿಂತಿತ್ತು. ಕೊನೆಯ ಟ್ರಿಪ್ ಮುಗಿಸಿದ ಬಸ್ಸು ರಾತ್ರಿ ತಂಗುವುದು ಡ್ರೈವರನ ಊರಿನಲ್ಲಿ. ಡ್ರೈವರ್ ಬದಲಾದರೂ ಆ ಬಸ್ಸು ತಂಗುವ ಜಾಗ ಬದಲಾಗಿರಲಿಲ್ಲ.

ಬಸ್ಸಿನ ಪಕ್ಕ ಚಾ ಕುಡಿಯುತ್ತ ನಿಂತಿದ್ದವನು ಹಮೀದ್, ಸದಾನಂದನ ಜಾಗಕ್ಕೆ ಬಂದ ಡ್ರೈವರ್. ನನ್ನನ್ನು ತಡೆಯಬೇಕೋ ಬೇಡವೋ ಎಂದು ಅವನು ಯೋಚಿಸುವುದರೊಳಗೆ ನಾನು ಬಸ್ಸು ಹತ್ತಿದ್ದೆ. ಡ್ರೈವರ್ ಸೀಟಿನಲ್ಲಿ ಸದಾನಂದ. ಬೆನ್ನು ಸೀಟಿಗೆ ಒರಗಿದೆ, ಪಾದ ನೆಲದ ಮೇಲೆ ಸಮನಾಗಿ ಇದೆ, ತೋಳಿಗೆ ಪಟ್ಟಿ, ಕಣ್ಣು ಎದುರಿನ ಗಾಜಿನ ಮೇಲೆ. ನಾನು ಕಲಿಸಿದ ಕ್ರಮದಲ್ಲಿ ಒಂದೂ ತಪ್ಪಿರಲಿಲ್ಲ. ಅಳೆಯುವಾಗ ಮಾತಾಡಬಾರದು, ಆದ್ದರಿಂದ ನಾನೂ ಮಾತಾಡದೆ ನಿಂತೆ. ೧೨೮/೮೦.

"ಧನಿಗೆ ಹೇಳ್ಬೇಡಿ ಸಿಸ್ಟರ್" ಎಂಬುದು ಅವನ ಮೊದಲ ಮಾತು.

ಲೈಸನ್ಸ್ ಬರುವವರೆಗೆ ಬಸ್ಸನ್ನು ಮುಟ್ಟಬಾರದೆಂದು ಧನಿ ಹೇಳಿದ್ದರು. ಮನೆಯ ಗಲಾಟೆ ತಾಳದೆ ಇವನು ಎರಡನೆಯ ವಾರದಿಂದ ದಿನಾ ಬೆಳಿಗ್ಗೆ ಬಂದು ಸೀಟಿನಲ್ಲಿ ಕೂರುತ್ತಿದ್ದ, ಬಿ.ಪಿ. ಅಳೆದಾದ ಮೇಲೆ ಗಾಜು ಒರೆಸಿ, ಟಯರ್ ನೋಡಿ, ಬಸ್ಸನ್ನು ಹಮೀದನಿಗೆ ಒಪ್ಪಿಸುತ್ತಿದ್ದ. ಧನಿಗೆ ತಿಳಿದರೆ ಬಿಟ್ಟುಕೊಟ್ಟ ತಪ್ಪಿಗೆ ಹಮೀದನ ಕೆಲಸವೂ ಹೋಗಬಹುದೆಂದು ಅವನ ಭಯ. ಅದಕ್ಕೇ ನನಗೂ ಹೇಳಿರಲಿಲ್ಲ. ಮನೆಯೊಳಗಿನ ಪೆಟ್ಟಿಗೆಗೆ ಸಿಗ್ನಲ್ ಗೋಡೆ, ಅಂಗಳ, ಬಸ್ಸಿನ ತಗಡು ಇಷ್ಟನ್ನೂ ದಾಟಿ ಹೋಗಬೇಕಿತ್ತು. ಕ್ಷೀಣವಾಗದೆ ಏನಾದೀತು?

ಚೀಲದಿಂದ ನನ್ನ ಪಾದರಸದ ಉಪಕರಣ ತೆಗೆದೆ. ಸೀಟಿನಲ್ಲಿ ಅಳೆದೆ: ೧೨೬/೮೦. ಇಳಿಸಿ ಮನೆಯ ಜಗಲಿಗೆ ಕರೆದುಕೊಂಡು ಹೋಗಿ ಐದು ನಿಮಿಷ ಕೂರಿಸಿ ಅಳೆದೆ. ಅತ್ತೆ ದೇವರನ್ನು ಕರೆಯತೊಡಗಿದ್ದರು: ೧೬೦/೯೬. ಮತ್ತೆ ಸೀಟಿಗೆ: ೧೩೦/೮೨. ಒಬ್ಬನೇ ಮನುಷ್ಯ, ಒಂದೇ ತೋಳು.

ಇದನ್ನು ಡಾಕ್ಟರ ಎದುರು ಹೇಳಬೇಕು, ಈಗಲೇ ಹೊರಡು ಎಂದೆ. ಅವನು ಹಮೀದನ ಮುಖ ನೋಡಿ ತಲೆ ಅಲ್ಲಾಡಿಸಿದ. ತನ್ನದು ಹೋದದ್ದು ಸಾಕು ಎಂದ. ಆಗ ಹಮೀದ್ ಚಾದ ಲೋಟ ಕೆಳಗಿಟ್ಟ.

"ನನ್ನ ಕೆಲಸದ ಚಿಂತೆ ನನಗೆ ಬಿಡು ಮಾರಾಯ. ದಿನಾ ಬೆಳಿಗ್ಗೆ ನೀನು ಬಿಸಿ ಮಾಡಿದ ಸೀಟಲ್ಲಿ ಕೂತು ನನಗೂ ಸಾಕಾಗಿದೆ. ಹತ್ತು, ಟೈಂ ಆಯ್ತು."

ಹೀಗೆ ನನ್ನ ಸ್ಕೂಟರನ್ನು ಅಂಗಳದಲ್ಲೇ ಬಿಟ್ಟು, ಅದೇ ಬಸ್ಸಿನಲ್ಲಿ ನಾವು ಪರ್ಕಳಕ್ಕೆ ಹೊರಟೆವು. ಹಮೀದ್ ಓಡಿಸಿದ, ಸದಾನಂದ ನನ್ನ ಪಕ್ಕ ಪ್ರಯಾಣಿಕನಾಗಿ ಕುಳಿತು ಪಡುಬಿದ್ರಿಯವರೆಗೆ ಅವನ ಪ್ರತಿ ಬ್ರೇಕಿಗೂ ತನ್ನ ಬಲಗಾಲು ಒತ್ತುತ್ತಿದ್ದ. ಪರ್ಕಳದಲ್ಲಿ ಬಸ್ಸಿಗೆ ಇಪ್ಪತ್ತು ನಿಮಿಷ ವಿಶ್ರಾಂತಿ, ನಿಲ್ಲುವುದು ಕ್ಲಿನಿಕ್ಕಿನ ಎದುರಿನ ಮೈದಾನದಲ್ಲೇ.

ಯಂತ್ರವನ್ನು ಡಾಕ್ಟರ ಮೇಜಿನ ಮೇಲಿಟ್ಟೆ. ಪಕ್ಕದಲ್ಲಿ ಸಹಿಯಿಲ್ಲದ ಕಾಗದ ಇಟ್ಟೆ. ಕಂಡದ್ದನ್ನು ಹೇಳಿ, ಉಪಕರಣ ಹಿಡಿದುಕೊಂಡು ಕೆಳಗೆ ಬರಬೇಕೆಂದು ಕೇಳಿದೆ. ಎಂಜಿನಿಯರ್, ನಿಯಮದ ಪ್ರಕಾರ ಮನೆಯ ಹೊರಗೆ ತೆಗೆದ ಅಳತೆ ಲೆಕ್ಕಕ್ಕಿಲ್ಲ ಎಂದರು. ಡಾಕ್ಟರು, ತಾನು ಬಸ್ಸಿನಲ್ಲಿ ಪ್ರಾಕ್ಟೀಸ್ ಮಾಡುವವನಲ್ಲ ಎಂದರು.

"ಅವನು ಪ್ರಾಕ್ಟೀಸ್ ಮಾಡುವುದು ಅಲ್ಲೇ ಡಾಕ್ಟರೇ. ನೀವು ಸಹಿ ಹಾಕಬೇಕಿರುವುದು ಅವನು ಬಸ್ಸಿನ ಸೀಟಿಗೆ ಯೋಗ್ಯನೇ ಎಂದು. ನಿಮ್ಮ ಎದುರಿನ ಈ ಸ್ಟೂಲಿಗೆ ಅಲ್ಲ."

ಅವರು ಪೆನ್ನು ಕೆಳಗಿಟ್ಟರು. ಆಮೇಲೆ ಎದ್ದರು. ಕೋಟನ್ನು ಕುರ್ಚಿಗೆ ಹಾಕಿ ಬನ್ನಿ ಎಂದೆ. ಅದನ್ನೂ ಮಾಡಿದರು.

ಮೈದಾನದಲ್ಲಿ ಆಗಲೇ ಜನ ಸೇರಿದ್ದರು. ಬಸ್ಸಿನೊಳಗೆ ಇಣುಕುವವರು, ಎಂತ ಆಯ್ತು ಎಂದು ಕೇಳುವವರು, ಡ್ರೈವರಿಗೆ ಅಟ್ಯಾಕ್ ಅಂತೆ ಎಂದು ಸುದ್ದಿ ಹಬ್ಬಿಸುವವರು. ಈ ಗಲಾಟೆಯಲ್ಲಿ ತೆಗೆದ ಮೊದಲ ಅಳತೆ ೧೫೨/೯೪. ಎಂಜಿನಿಯರ್ ನಕ್ಕರು. ಸದಾನಂದ ತೋಳಿನ ಪಟ್ಟಿ ಬಿಚ್ಚತೊಡಗಿದ. ನಾನು ಬಾಗಿಲಿಗೆ ಬಂದು ನಿಂತು, ನಲವತ್ತು ಹಾಸಿಗೆಯ ವಾರ್ಡಿನ ಕೊನೆಗೆ ಕೇಳುವ ದನಿಯಲ್ಲಿ ಎಲ್ಲರನ್ನೂ ದೂರ ಹೋಗಲು ಹೇಳಿದೆ. ಹೋದರು. ಎಂಜಿನಿಯರರೂ ಇಳಿದರು. ಡಾಕ್ಟರನ್ನು ಹಿಂದಿನ ಸೀಟಿನಲ್ಲಿ, ಸದಾನಂದನ ಕಣ್ಣಿಗೆ ಬೀಳದಂತೆ ಕೂರಿಸಿದೆ. ಉಡುಪಿ ಉಡುಪಿ ಎಂದು ಕೂಗುವ ಕಂಡಕ್ಟರ್ ಬಾಯಿಗೆ ಕೈ ಅಡ್ಡ ಹಿಡಿದು ನಿಂತ. ಸದಾನಂದ ಗಾಜಿನಾಚೆ ರಸ್ತೆ ನೋಡುತ್ತ ಕುಳಿತ. ಐದು ನಿಮಿಷ ಕಳೆದ ಮೇಲೆ ಡಾಕ್ಟರು ಸ್ವತಃ ಅಳೆದರು: ೧೩೪/೮೪. ನಂಬದೆ ಮತ್ತೊಮ್ಮೆ ಅಳೆದರು: ೧೩೦/೮೨.

ಡಾಕ್ಟರು ಪಟ್ಟಿ ಬಿಚ್ಚುತ್ತ, ಭಯಕ್ಕೆ ಏರುವ ಬಿ.ಪಿ.ಯನ್ನೂ ಕಡೆಗಣಿಸಬಾರದು, ಯಂತ್ರ ಇನ್ನು ಆರು ತಿಂಗಳು ನಿನ್ನಲ್ಲೇ ಇರಲಿ, ದಿನಾ ಕಳಿಸು, ಒಣಮೀನು ಬಿಡು ಎಂದರು.

"ಒಣಮೀನು ಬಿಡ್ತೇನೆ. ಸೀಟು ಬಿಡುದಿಲ್ಲ" ಎಂದ ಸದಾನಂದ.

ಸರ್ಟಿಫಿಕೇಟಿಗೆ ಅಂದೇ ಸಹಿ ಬಿತ್ತು. ಧನಿಗೆ ವಿಷಯವನ್ನು ಹಮೀದನೇ ಹೋಗಿ ಹೇಳಿದನಂತೆ. ಅವರು ಇಬ್ಬರನ್ನೂ ಕರೆಸಿ, ಬಸ್ಸು ಮುಟ್ಟಬೇಡ ಎಂದಿರಲಿಲ್ಲವೇ ಎಂದು ಗದರಿಸಿದಾಗ, ಕೂರ್ಲಿಕ್ಕೂ ಲೈಸನ್ಸ್ ಬೇಕಾ ಧನಿ ಎಂದು ಸದಾನಂದ ಕೇಳಿದನಂತೆ. ಧನಿ ನಕ್ಕುಬಿಟ್ಟರು. ಲೈಸನ್ಸ್ ಬಂದ ಮೇಲೆ ಅವನು ತನ್ನ ಬಸ್ಸಿಗೆ ಮರಳಿದ, ಹಮೀದನಿಗೆ ಧನಿಯ ಇನ್ನೊಂದು ಬಸ್ಸು ಸಿಕ್ಕಿತು.

ಕಂಪನಿ ಮಾತ್ರ ಬಗ್ಗಲಿಲ್ಲ. ಮನೆಯ ಹೊರಗಿನವು ಎಂದು ಸದಾನಂದನ ಅಂಕೆಗಳನ್ನೆಲ್ಲ ತನ್ನ ವರದಿಯಿಂದ ತೆಗೆದುಹಾಕಿತು. ರೋಗಿ ಎಲ್ಲಿ ಕುಳಿತಿದ್ದ ಎಂಬುದಕ್ಕೆ ಒಂದು ಜಾಗ ಸೇರಿಸಿ ಎಂದು ನಾನು ಕೇಳಿದೆ. ಸಾಫ್ಟ್‌ವೇರಿನಲ್ಲಿ ಅಂಥ ಕಾಲಂ ಇಲ್ಲ ಎಂದರು. ಇಲ್ಲದಿದ್ದರೆ ಮಾಡಿ ಎಂದೆ. ಪರೀಕ್ಷೆ ಮುಗಿದಾಗ ನನ್ನ ಕೆಲಸವನ್ನು ಅವರು ಮುಂದುವರಿಸಲಿಲ್ಲ. ಡಾಕ್ಟರು ಕರೆದು, ಕ್ಲಿನಿಕ್ಕಿನ ಖಾತೆಯಲ್ಲೇ ಇರಿ ಎಂದರು. ಇನ್ನೂ ನಾಲ್ಕು ವರ್ಷ ಇದ್ದೆ.

ಆ ನಾಲ್ಕು ವರ್ಷ ನನ್ನ ಕೈಕೆಳಗೆ ಕಲಿತ ಹುಡುಗಿಯರಿಗೆಲ್ಲ ನಾನು ಒಂದನ್ನು ಕಡ್ಡಾಯ ಮಾಡಿದೆ. ಅಂಕೆ ತಾನಾಗಿ ಬರುತ್ತದೆ, ಎಷ್ಟು ದೂರದಿಂದಲೂ ಬರುತ್ತದೆ. ಅದು ಬಂದ ಜಾಗಕ್ಕೆ ಹೋಗಿ ನೋಡುವುದು ನಮ್ಮ ಕೆಲಸ. ನೋಡಿದ ಮೇಲೆಯೇ ಸಹಿ. ಆ ಟೈಪ್ ಮಾಡಿದ ಕಾಗದ ಕ್ಲಿನಿಕ್ಕಿನ ಕಡತದಲ್ಲಿ ಈಗಲೂ ಇರಬಹುದು. ಹುಡುಕಿ ತೆಗೆದು ನೋಡಿದರೆ, ನನ್ನ ಸಹಿಯ ಜಾಗ ಖಾಲಿಯೇ ಇರುತ್ತದೆ.