ಪಕ್ಕದ ಮನೆಯವರು ಬಾಹ್ಯಾಕಾಶದಿಂದ ಬಂದ ಮೇಲೆ

2002ರ ಮಾತು. ನಾವು ಆಗ ಹ್ಯೂಸ್ಟನ್‌ನಲ್ಲಿದ್ದೆವು. ಮಗಳು ಅದಿತಿಗೆ ನಾಲ್ಕು ತಿಂಗಳು. ಪಕ್ಕದ ಮನೆಯ ವೇಡ್ ಗಗನಯಾತ್ರಿ. ಭೂಮಿಯನ್ನು ಸುತ್ತುವ ನಿಲ್ದಾಣದಲ್ಲಿ ಐದು ತಿಂಗಳಿದ್ದು, ಆಹಾರ ಸಾಮಾನು ಮತ್ತು ಹೊಸ ತಂಡವನ್ನು ಹೊತ್ತು ಹೋದ ನೌಕೆಯಲ್ಲಿ ವಾಪಸಾಗಿದ್ದರು. ಅವರು ಹೋದಾಗ ಅದಿತಿ ಹುಟ್ಟಿರಲಿಲ್ಲ.

ಬಂದು ಎರಡು ವಾರವಾದ ಮೇಲೆ, ಒಂದು ಭಾನುವಾರ ಮಧ್ಯಾಹ್ನ ಅವರನ್ನೂ ಹೆಂಡತಿ ಮಾರ್ಲೀನ್‌ಳನ್ನೂ ಊಟಕ್ಕೆ ಕರೆದೆವು. ಮೊದಲೆಲ್ಲ ಬೇಲಿಯಾಚೆಯಿಂದಲೇ ಜೋರಾಗಿ ನಗುತ್ತಿದ್ದ ಮನುಷ್ಯ, ಈಗ ಕಾಲ ಕೆಳಗೆ ನೆಲ ಇದೆಯೋ ಇಲ್ಲವೋ ಎನ್ನುವಂತೆ ಹೆಜ್ಜೆ ಇಡುತ್ತಿದ್ದರು. ತಿರುಗುವಾಗ ಭುಜ ಗೋಡೆಗೆ ತಾಗಿತು. ಮಾತಾಡುತ್ತಲೇ ನಮ್ಮ ತಲೆಯ ಮೇಲೆಲ್ಲೋ ನೋಡುತ್ತಿದ್ದರು.

ಪಾಯಸ ತಿನ್ನುತ್ತಿದ್ದವರು ಚಮಚವನ್ನು ಗಾಳಿಯಲ್ಲೇ ಬಿಟ್ಟುಬಿಟ್ಟರು. ಠಣ್ಣೆಂದು ಬಿತ್ತು. "ಅಲ್ಲಿ ಬಿಟ್ಟಿದ್ದು ಬಿಟ್ಟಲ್ಲೇ ತೇಲುತ್ತೆ. ಮನೇಲಿ ದಿನಾ ಇದೇ ಕತೆ," ಎಂದು ಮಾರ್ಲೀನ್ ನಕ್ಕಳು. ನಾವೂ ನಕ್ಕೆವು.

ಊಟವಾದ ಮೇಲೆ ವೇಡ್ ಮಗುವನ್ನು ಎತ್ತಿಕೊಳ್ಳಬಹುದೇ ಎಂದು ಕೇಳಿದರು. ನಾನು ಹಿಂದೆ ಮುಂದೆ ನೋಡಿದೆ.

"ಕೊಡೇ, ಬೇಜಾರು ಮಾಡ್ಕೋತಾರೆ," ಎಂದು ನನ್ನ ಗಂಡ ಸುರೇಶ್ ಕನ್ನಡದಲ್ಲಿ ಹೇಳಿದರು.

ಕೊಟ್ಟೆ. ವೇಡ್ ಅವಳನ್ನು ತಮ್ಮ ಮುಖದ ಮಟ್ಟಕ್ಕೆ ಎತ್ತಿದರು. ಹೊಸಬರನ್ನು ಕಂಡರೆ ಅಳುವ ಅದಿತಿ ಅವರನ್ನೇ ಕಣ್ಣು ಮಿಟುಕಿಸದೆ ನೋಡಿದಳು. ಅಷ್ಟರಲ್ಲಿ ಅವರ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳುವುದು ಕಂಡಿತು. ಆಮೇಲೆ ಎರಡೂ ಕೈ ದೂರ ಸರಿದವು.

ಹೇಗೆ ಮುಂದೆ ನುಗ್ಗಿದೆನೋ ಗೊತ್ತಿಲ್ಲ. ಮಂಡಿಯೂರಿ ಬಿದ್ದ ನನ್ನ ತೋಳಿನೊಳಗೆ ಮಗು ಇತ್ತು. ಅವಳು ಅಳಲೂ ಇಲ್ಲ. ಸುರೇಶ್ ಕುರ್ಚಿ ಬೀಳಿಸಿಕೊಂಡು ಓಡಿ ಬಂದರು. ವೇಡ್ ತಮ್ಮ ಖಾಲಿ ಕೈಗಳನ್ನು ನೋಡುತ್ತಾ ಹೆಂಡತಿಯನ್ನು ಮೆಲ್ಲಗೆ ಕೇಳಿದರು: "ಅವಳು ಇಲ್ಲೇ ಇರ್ಬೇಕಿತ್ತಲ್ವಾ?"

ಆಮೇಲೆ ಅವರಿಗೇ ಅರ್ಥವಾಯಿತು. ಮುಖ ಬಿಳಿಚಿಕೊಂಡು ನೆಲದ ಮೇಲೆ ಕುಸಿದು ಕುಳಿತರು.

ಮರುದಿನ ಕ್ಷಮೆ ಕೇಳಲು ಬಂದರು. ಎಷ್ಟು ಕರೆದರೂ ಹೊಸ್ತಿಲು ದಾಟಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಕೆಲವು ತಿಂಗಳಲ್ಲಿ ಪೂರ್ತಿ ಸರಿಹೋದರು. ನಾವು ಸೀಡರ್ ಪಾರ್ಕ್ ಎಂಬ ಊರಿಗೆ ಶಿಫ್ಟ್ ಆಗುವವರೆಗೂ ಒಳ್ಳೆಯ ನೆರೆಯವರಾಗಿಯೇ ಇದ್ದರು. ನನಗೆ ಅವರ ಮೇಲೆ ಕೋಪವಿಲ್ಲ.

ಆದರೆ ಕೈ ಬಿಟ್ಟ ಆ ಕ್ಷಣದಲ್ಲಿ ಅವರ ಮುಖ ನೋಡಿದವಳು ನಾನೊಬ್ಬಳೇ. ನಿದ್ದೆ ಹೋದ ಕೂಸನ್ನು ತೊಟ್ಟಿಲಲ್ಲಿ ಮಲಗಿಸುವವರ ಮುಖದಲ್ಲಿ ಇರುತ್ತದಲ್ಲ, ಆ ನೆಮ್ಮದಿ ಅಲ್ಲಿತ್ತು. ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.