ಕಣ್ಣಂದಾಜಿನ ಕೆಂಪು

ತಾನೇ ಮಾಡಿದ ಸಾರಿನ ಪುಡಿಯನ್ನು ತನ್ನ ಕೈಗೇ ಕೊಟ್ಟು, "ಇದು ಡೂಪ್ಲಿಕೇಟ್" ಅಂದರೆ ಯಾರಿಗಾದರೂ ಹೇಗಾಗಬೇಡ? ಕಳೆದ ವಾರ ಹೊಳೆಹೊನ್ನೂರಿನ ಅಂಗಡಿಯೊಂದರಲ್ಲಿ ಭದ್ರಾವತಿಯ ನನ್ನ ಗೆಳತಿ ಶಾಹಿನಾಗೆ ಹೀಗೇ ಆಯಿತು.

"ಅಣ್ಣಾ, ಮಾಡೋಳು ನಾನೇ!"

"ಎಲ್ರೂ ಹಂಗೇ ಅಂತಾರೆ ಕಣಮ್ಮ. ಒರಿಜಿನಲ್ ಅಲ್ಲಿದೆ ನೋಡಿ" ಎಂದು ಅಂಗಡಿಯವರು ಶೆಲ್ಫ್ ತೋರಿಸಿದರು.

ಅಲ್ಲಿ ಅವಳದೇ ಹೆಸರಿನ ಪ್ಯಾಕೆಟ್‌ಗಳು, ಎಲ್ಲದರ ಲೇಬಲ್ಲೂ ಒಂದೇ ಕೆಂಪು. ಒಂದನ್ನು ಒಡೆದು ಮೂಸಿದ ಶಾಹಿನಾ ಜೊತೆಗಿದ್ದ ನನ್ನತ್ತ ತಿರುಗಿ, "ಇದು ನಂದಲ್ಲ ಮಾರಾಯ್ತಿ" ಎಂದಳು. ಯಾರೋ ಪುಣ್ಯಾತ್ಮರು ನಕಲು ಮಾಡಿದ್ದರು. ಇವಳು ತಂದ ಅಸಲಿ ಪ್ಯಾಕೆಟ್‌ಗಳೋ? ಒಂದು ದಾಸವಾಳದ ಕೆಂಪು, ಒಂದು ಇಟ್ಟಿಗೆ, ಇನ್ನೊಂದು ಬೀಟ್‌ರೂಟ್! ನನಗೇ ಅನುಮಾನ ಬಂತು.

ನನಗೆ ನಗು, ಅವಳಿಗೆ ಅಳು. ಹೊಳೆಹೊನ್ನೂರಿನ ವ್ಯಾಪಾರ ಕೈತಪ್ಪಿದರೆ ಅವಳು ಮನೆಯ ಮಿಕ್ಸರ್ ಮಾರಬೇಕಾಗುತ್ತದೆ.

ಮರುದಿನ ಶಿವಮೊಗ್ಗಕ್ಕೆ, ಅವಳ ಲೇಬಲ್ ಮಾಡುವ ಡಿಸೈನರ್ ಮಹಾಶಯರ ಬಳಿ ಹೋದೆವು. (ಬೋರ್ಡಿನಲ್ಲಿ 'ಬ್ರ್ಯಾಂಡ್ ಕನ್ಸಲ್ಟೆಂಟ್' ಎಂದಿದೆ. ಬ್ರ್ಯಾಂಡ್ ಒಂದು ನೀಲಿ, ಕನ್ಸಲ್ಟೆಂಟ್ ಇನ್ನೊಂದು ನೀಲಿ.)

"ಕಂಪ್ಯೂಟರಲ್ಲಿ ಪ್ರತಿ ಬಣ್ಣಕ್ಕೂ ನಂಬರ್ ಇರುತ್ತಲ್ಲ? ಒಂದ್ಸಲ ಸೇವ್ ಮಾಡಿ, ಅದನ್ನೇ ಹಾಕ್ಬಾರ್ದಾ?" ಎಂದೆ.

"ನಂಬರೆಲ್ಲಾ ಕಲಿಯೋರಿಗೆ ಮೇಡಂ. ನಂದು ಕಣ್ಣಂದಾಜು. ಪ್ರತಿ ಆರ್ಡರ್‌ಗೂ ಫ್ರೆಶ್ಶಾಗಿ ಕಲರ್ ಆರಿಸ್ತೀನಿ."

ಫ್ರೆಶ್ಶಾಗಿ! ಇದೇನು ಕೊತ್ತಂಬರಿ ಸೊಪ್ಪೇ?

ಪಾಪ, ಅವರೊಬ್ಬರನ್ನೇ ಏಕೆ ಬೈಯಲಿ? ಲೇಬಲ್ ಪ್ರಿಂಟಿಗೆ ಹೋಗುವ ಮೊದಲು ಶಾಹಿನಾಳ ಫ್ಯಾಮಿಲಿ ಗ್ರೂಪಿಗೆ ಬರುತ್ತದೆ. ಫೋನಿನ ಬ್ರೈಟ್‌ನೆಸ್ ಇಳಿಸಿಕೊಂಡವರು "ಸ್ವಲ್ಪ ಲೈಟ್ ಮಾಡ್ಸು" ಅನ್ನುತ್ತಾರೆ. ಏರಿಸಿಕೊಂಡವರು "ಡಾರ್ಕ್" ಅನ್ನುತ್ತಾರೆ. ಮೆಣಸು ಒಂದು ಗ್ರಾಂ ಹೆಚ್ಚಾದರೆ ರಂಪ ಮಾಡುವ ಇವಳು ಎಲ್ಲರಿಗೂ ತಲೆಯಾಡಿಸುತ್ತಾಳೆ. ನಮ್ಮಲ್ಲಿ ಬಣ್ಣದ ವಿಷಯಕ್ಕೆ ಬಂದರೆ ಎಲ್ಲರೂ ಎಕ್ಸ್‌ಪರ್ಟೇ. ಮದುವೆ ಕಾರ್ಡು, ಫ್ಲೆಕ್ಸು, ಅಂಗಡಿ ಬೋರ್ಡು, ಒಂದನ್ನಾದರೂ ಬಿಟ್ಟಿದ್ದೇವೆಯೇ?

ಮಹಾಶಯರು ಹೊಸ ಕೆಂಪೊಂದನ್ನು ಹುಡುಕುತ್ತಾ ಮೌಸ್ ಆಡಿಸತೊಡಗಿದರು. "ಇದು ಸೂಪರ್ ಇದೆ ನೋಡಿ!"

ಶಾಹಿನಾ ಕೇಳಿದಳು: "ಸಾರ್, ಆ ಡೂಪ್ಲಿಕೇಟ್‌ನೋರಿಗೆ ಲೇಬಲ್ ಮಾಡ್ಕೊಡೋರ ಅಡ್ರೆಸ್ ಏನಾದ್ರೂ ಗೊತ್ತಾ?"